ಕರಿದ ಎಣ್ಣೆ ಎಲ್ಲಿಗೆ ಹೋಗಬೇಕು?

ಹಬ್ಬ ಮುಗಿದ ಮರುದಿನ ಯಾರ ಮನೆಯ ಅಡುಗೆಕಟ್ಟೆ ನೋಡಿದರೂ ಅಲ್ಲೊಂದು ಮುಚ್ಚಿಟ್ಟ ಪಾತ್ರೆ ಇರುತ್ತದೆ. ಕರ್ಜಿಕಾಯಿ, ಚಕ್ಕುಲಿ, ವಡೆಗಳೆಲ್ಲ ಎದ್ದ ಮೇಲೆ ಬಾಣಲೆಯಲ್ಲಿ ಉಳಿದ ಎಣ್ಣೆ ಅದರಲ್ಲಿ ತಣ್ಣಗೆ ಕೂತಿರುತ್ತದೆ. ಚೆಲ್ಲಲು ಮನಸ್ಸು ಬಾರದು, ಮತ್ತೆ ಒಲೆಗೇರಿಸಲು ಧೈರ್ಯ ಸಾಲದು. ನಮ್ಮ ತಾಯಂದಿರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಸೋಸಿಟ್ಟು ನಾಲ್ಕು ದಿನ ಒಗ್ಗರಣೆಗೆ, ಆಮೇಲೆ ದೋಸೆ ಹಂಚಿಗೆ, ತಳದಲ್ಲಿ ಉಳಿದ ಜಿಡ್ಡು ಕಿರುಗುಟ್ಟುವ ಬಾಗಿಲಿನ ಕೀಲಿಗೆ.

ಈ ಮಿತವ್ಯಯಕ್ಕೆ ಒಂದು ಕಾವಲಿತ್ತು: ಕರಿದವರೇ ತಿನ್ನುತ್ತಿದ್ದರು. ಎಣ್ಣೆ ಎಷ್ಟು ಸಲ ಕಾದಿದೆ ಎಂಬ ಲೆಕ್ಕ ಮನೆಯ ಹೆಂಗಸಿಗೆ ಬಾಯಿಪಾಠ. ವಾಸನೆ ಕೆಟ್ಟರೆ ಮೊದಲು ಗೊತ್ತಾಗುವುದು ಅವಳ ಮೂಗಿಗೆ, ಹೊಟ್ಟೆ ಕೆಟ್ಟರೆ ಅವಳ ಮಕ್ಕಳದೇ. ಉಳಿತಾಯದ ಲಾಭವೂ ಕಷ್ಟವೂ ಒಂದೇ ಮನೆಯೊಳಗೆ ಇರುತ್ತಿದ್ದುದರಿಂದ ಅದು ಮಿತಿ ಮೀರುತ್ತಿರಲಿಲ್ಲ.

ಪೇಟೆಯಲ್ಲಿ ಆ ಕಾವಲಿಲ್ಲ. ಅಲ್ಲಿ ಕರಿಯುವವರು ಬೇರೆ, ತಿನ್ನುವವರು ಬೇರೆ. ದೊಡ್ಡ ಅಡುಗೆಮನೆ ಸಾಕು ಎಂದು ಬಿಟ್ಟ ಎಣ್ಣೆ ಡಬ್ಬಿಯಲ್ಲಿ ತುಂಬಿ ಅಗ್ಗದ ಬೆಲೆಗೆ ಕೈ ಬದಲಾಯಿಸಿ, ಕಡಿಮೆ ದುಡ್ಡಿನ ಇನ್ನೊಂದು ಬಾಣಲೆ ಸೇರುವುದುಂಟು. ಪ್ರತಿ ಕೈಯಲ್ಲೂ ಅದರ ಬಣ್ಣ ಕಪ್ಪಾಗುತ್ತದೆ, ಅದರಲ್ಲಿ ಕರಿದದ್ದನ್ನು ತಿನ್ನುವವರ ಜೇಬು ತೆಳುವಾಗುತ್ತದೆ. ಅಂದರೆ ಮೇಲಿನವರ ಉಳಿತಾಯಕ್ಕೆ ಕೆಳಗಿನವರ ಕರುಳು ತೆರಿಗೆ ಕಟ್ಟುತ್ತದೆ. ಕರಿದ ಎಣ್ಣೆಯಿಂದ ಡೀಸೆಲ್ ಮಾಡುವ ವಿಚಾರ ನನಗೆ ಬರೀ ರಸಾಯನಶಾಸ್ತ್ರವಾಗಿ ಉಳಿಯದೆ ಹೋದದ್ದು ಈ ಕಾರಣಕ್ಕೆ.

ನಾನು ದಾವಣಗೆರೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಈ ಊರಿನಲ್ಲಿ ಸಂಜೆಯಾದರೆ ಮಿರ್ಚಿ-ಮಂಡಕ್ಕಿಯ ಗಾಡಿಗಳ ಮುಂದೆ ಜನ ಸೇರುತ್ತಾರೆ, ಬಾಣಲೆಗಳು ರಾತ್ರಿಯವರೆಗೆ ಆರುವುದಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಜೊತೆ ಬಯೋಡೀಸೆಲ್ ಮಾಡುವುದೆಂದು ನಿರ್ಧರಿಸಿದಾಗ ಎಣ್ಣೆಗಾಗಿ ದೂರ ಹೋಗಬೇಕಾಗಿರಲಿಲ್ಲ. ಕಾಲೇಜಿನ ದಾರಿಯಲ್ಲಿ ಗಾಡಿ ಇಟ್ಟಿರುವ ಹೆಣ್ಣುಮಗಳೊಬ್ಬಳನ್ನು ಹಳೆ ಎಣ್ಣೆ ಕೇಳಿದೆವು.

“ಎಣ್ಣಿ ಏನ್ ಮಾಡ್ತೀರ್ರಿ ಸಾರ್?”

“ಡೀಸೆಲ್ ಮಾಡ್ತೀವಮ್ಮ.”

ಅವಳು ನಕ್ಕಳು. ಹುಡುಗರು ನಗದೆ ನಿಂತದ್ದನ್ನು ನೋಡಿ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿದಳು. “ಉಳಿಯೋದೆಲ್ಲೈತ್ರಿ ಸಾರ್? ದಿನಾ ಹಳೇದಕ್ಕೆ ಹೊಸಾದು ಸೇರಿಸ್ತಾ ಹೋಗ್ತೀವಿ. ತೀರಾ ಕರ್ರಗಾದ್ರೆ ಡಬ್ಬಿಯವ್ನು ಬಂದು ಒಯ್ತಾನೆ.”

ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ ಎಂದು ಕೇಳಿದರೆ, “ಅದು ನಂಗೇನ್ ಗೊತ್ತು?” ಎಂದಳು.

ಅವಳ ಮೊದಲ ಮಾತು ಬಹಳ ದಿನ ನನ್ನನ್ನು ಕಾಡಿತು. ಹಳೆಯದಕ್ಕೆ ಹೊಸದು ಸೇರಿಸುತ್ತ ಹೋದರೆ ಆ ಎಣ್ಣೆಗೆ ಕೊನೆಯ ದಿನ ಎಂಬುದೇ ಇರುವುದಿಲ್ಲ. ಸಂಜೆ ಅರ್ಧ ಖಾಲಿಯಾದ ಬಾಣಲೆಗೆ ಬೆಳಿಗ್ಗೆ ಅರ್ಧ ತುಂಬಿದರೆ, ಹೋದ ವಾರದ ಎಣ್ಣೆಯ ಪಾಲು ಚಿಕ್ಕದಾಗುತ್ತ ಹೋಗುತ್ತದೆಯೇ ಹೊರತು ಪೂರ್ತಿ ತೊಲಗುವುದಿಲ್ಲ. ಮೇಲಾಗಿ ಹಳೆಯದರಲ್ಲಿ ಹುಟ್ಟಿದ ಕೆಡುಕು ಹೊಸದನ್ನೂ ಬೇಗ ಕೆಡಿಸುತ್ತದೆ. ಅವಳದು ಮೋಸವಲ್ಲ. ಬಾಣಲೆಯಷ್ಟು ಎಣ್ಣೆಯನ್ನು ದಿನಾ ಚೆಲ್ಲಿದರೆ ಅವಳ ಆ ದಿನದ ಸಂಪಾದನೆಯೇ ಚೆಲ್ಲಿಹೋಗುತ್ತದೆ.

ಬಾಣಲೆಯೊಳಗೆ ಆಗುವುದಾದರೂ ಏನು? ಎಣ್ಣೆಯ ಒಂದು ಅಣುವೆಂದರೆ ಗ್ಲಿಸರಿನ್ನಿಗೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲದ ಸರಪಳಿಗಳು. ಹಸಿಮೆಣಸಿನಕಾಯಿಯ, ಕಲಸಿದ ಹಿಟ್ಟಿನ ನೀರು ಕಾದ ಎಣ್ಣೆಯಲ್ಲಿ ಉಗಿಯಾಗುವಾಗ ಈ ಅಂಟನ್ನು ಅಲ್ಲಲ್ಲಿ ಬಿಡಿಸುತ್ತದೆ. ಸರಪಳಿಗಳು ಕಳಚಿ ಬಿಡಿ ಆಮ್ಲಗಳಾಗುತ್ತವೆ. ಗಾಳಿಯ ಆಮ್ಲಜನಕ ಇನ್ನು ಕೆಲವನ್ನು ಮುರಿಯುತ್ತದೆ, ಶಾಖ ಕೆಲವನ್ನು ಒಂದಕ್ಕೊಂದು ಹೆಣೆದು ಎಣ್ಣೆಯನ್ನು ಮಂದ ಮಾಡುತ್ತದೆ. ಹೀಗೆ ಹುಟ್ಟುವ ವಸ್ತುಗಳನ್ನೆಲ್ಲ ಒಟ್ಟಾಗಿ ಧ್ರುವೀಯ ಸಂಯುಕ್ತಗಳು ಎನ್ನುತ್ತಾರೆ. ಇವು ನೂರಕ್ಕೆ 25 ಭಾಗ ಮೀರಿದ ಎಣ್ಣೆಯಲ್ಲಿ ಅಡುಗೆ ಮಾಡಬಾರದು ಎಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದಿತು. ಅದೇ ಆಗಸ್ಟಿನಲ್ಲಿ ಕರಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಘಟಕಗಳಿಗೆ ಕೊಡುವ ‘ರುಕೋ’ ಯೋಜನೆಯನ್ನೂ ಶುರು ಮಾಡಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಡಬೇಕು ಎಂಬ ಆದೇಶ 2019ರ ಮಾರ್ಚಿನಿಂದ ಇದೆ. ನಮ್ಮ ಮಿರ್ಚಿ ಗಾಡಿ ಆ ಗೆರೆಯ ಕೆಳಗೇ ಉಳಿಯಿತು.

ಪ್ರಯೋಗಾಲಯದಲ್ಲಿ ಮೊದಲ ಕೆಲಸ ಎಣ್ಣೆಯನ್ನು ಸೋಸುವುದು. ಕಡಲೆಹಿಟ್ಟಿನ ಕರಕಲು, ಓಂಕಾಳು, ಮೆಣಸಿನ ಬೀಜಗಳೆಲ್ಲ ಬಟ್ಟೆಯಲ್ಲಿ ನಿಂತವು. ಬಳಿಕ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ ನೀರಿನಂಶ ತೆಗೆದೆವು. ನೀರುಳಿದರೆ ಕೊನೆಗೆ ಸಿಗುವುದು ಡೀಸೆಲ್ಲಲ್ಲ, ಸೋಪು. ನಿಜವಾದ ಪರೀಕ್ಷೆ ಆಮೇಲಿನದು. ಒಂದು ಮಿಲಿ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕರಗಿಸಿ, ಫಿನಾಲ್ಫ್ತಲೀನ್ ಹಾಕಿ, ಲೀಟರಿಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಹನಿಹನಿಯಾಗಿ ಬಿಡಬೇಕು. ಗುಲಾಬಿ ಬಣ್ಣ ಮೂಡಿ ನಿಲ್ಲುವವರೆಗೆ ಎಷ್ಟು ಮಿಲಿ ಹಿಡಿಯಿತೋ, ಒಂದು ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಸೋಡಾ ಹೆಚ್ಚುವರಿ ಬೇಕು. ಹೊಸ ಎಣ್ಣೆಗೆ 3.5 ಗ್ರಾಂ ಸಾಕು. ಹಳತಾದಷ್ಟೂ ಅದರ ಮೇಲೆ ಸೇರುತ್ತ ಹೋಗುತ್ತದೆ.

ಒಬ್ಬ ಹುಡುಗಿ ಕೇಳಿದಳು, “ಸಾರ್, ಇದಕ್ಕೆ ಅರಿಶಿನ ಹಾಕಿದ್ರೆ ಆಗಲ್ವಾ? ಆರತಿಯ ಓಕುಳಿ ಹಿಂಗೇ ತಾನೇ ಕೆಂಪಾಗೋದು?” ಖಂಡಿತ ಆಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬಿದ್ದಾಗ ಕೆಂಪಾಗುವುದು ಇದೇ ಕ್ಷಾರದ ಗುಣದಿಂದ. ಮನೆಯಲ್ಲಿ ಬಯೋಡೀಸೆಲ್ ಮಾಡುವ ಹೊರದೇಶದ ಹವ್ಯಾಸಿಗಳೂ ಫಿನಾಲ್ಫ್ತಲೀನ್ ಸಿಗದಾಗ ಅರಿಶಿನದ ಮೊರೆ ಹೋಗುವುದುಂಟು. ಮನೆಯಲ್ಲಿ ಪೂರಿ ಕರಿದ ಎಣ್ಣೆ ಒಂದೆರಡು ಮಿಲಿಗೇ ಬಣ್ಣ ತಿರುಗಿತು. ಗಾಡಿಯ ಎಣ್ಣೆ ಹನಿ ಮೇಲೆ ಹನಿ ನುಂಗಿತು. ಗುಲಾಬಿ ಮೂಡುವುದು, ಅಲುಗಾಡಿಸಿದರೆ ಮಾಯವಾಗುವುದು, ಮತ್ತೆ ಮೂಡುವುದು. ಹುಡುಗರು ಬ್ಯೂರೆಟ್ಟಿನ ಗೆರೆಗಳನ್ನು ಎಣಿಸುತ್ತ ಸುಮ್ಮನಾದರು. ಅವರಲ್ಲಿ ಅರ್ಧ ಜನ ಹಿಂದಿನ ಸಂಜೆ ಅದೇ ಗಾಡಿಯಲ್ಲಿ ಮಿರ್ಚಿ ತಿಂದು ಬಂದವರು.

ಎಣ್ಣೆ ಸುಳ್ಳು ಹೇಳುವುದಿಲ್ಲ ಎಂದು ಅವತ್ತು ಅನ್ನಿಸಿತು. ಎಷ್ಟು ಸಲ ಕಾಯಿಸಿದಿರಿ ಎಂದು ಅಂಗಡಿಯವರನ್ನು ಕೇಳಿದರೆ ಉತ್ತರ ಹೇಗಾದರೂ ಇರಬಹುದು, ಬ್ಯೂರೆಟ್ಟು ಮಾತ್ರ ನಿಜವನ್ನೇ ಹೇಳುತ್ತದೆ. ಡೀಸೆಲ್ ಮಾಡುವ ಮೊದಲೇ ಈ ಪ್ರಯೋಗ ನಮಗೆ ಕಲಿಸಬೇಕಾದ್ದರಲ್ಲಿ ಅರ್ಧವನ್ನು ಕಲಿಸಿಬಿಟ್ಟಿತ್ತು.

ಉಳಿದರ್ಧ ಮೆಥನಾಲಿನದು. ಲೀಟರ್ ಎಣ್ಣೆಗೆ ಸುಮಾರು 200 ಮಿಲಿ ಮೆಥನಾಲ್ ಬೇಕು. ಕಾಸ್ಟಿಕ್ ಸೋಡಾವನ್ನು ಅದರಲ್ಲಿ ಕರಗಿಸಿ, 55 ಡಿಗ್ರಿಯ ಆಸುಪಾಸಿನಲ್ಲಿರುವ ಎಣ್ಣೆಗೆ ಬೆರೆಸಿ, ಗಂಟೆಯ ಹೊತ್ತು ಕದಡಿಸುತ್ತಿರಬೇಕು. ಮೆಥನಾಲ್ ಕುದಿಯುವುದು 65 ಡಿಗ್ರಿಯ ಹತ್ತಿರ, ಹಾಗಾಗಿ ಶಾಖ ಅತ್ತ ಹೋಗಬಾರದು. ಸರಪಳಿಗಳು ಗ್ಲಿಸರಿನ್ನನ್ನು ಬಿಟ್ಟು ಮೆಥನಾಲಿನ ಕೈ ಹಿಡಿಯುತ್ತವೆ. ರಾತ್ರಿಯಿಡೀ ಬಿಟ್ಟರೆ ಕಂದುಕಪ್ಪು ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ತೆಳುವಾದ ಹೊಂಬಣ್ಣದ ದ್ರವ ನಿಲ್ಲುತ್ತದೆ. ಹಸಿ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಅದನ್ನೇ ನೇರ ಹಾಕಿದರೆ ಇಂಜೆಕ್ಟರಿನ ತುದಿಯಲ್ಲಿ ಮಸಿ ಕಟ್ಟುತ್ತದೆ. ಈ ಮಂದತನವನ್ನು ಇಳಿಸುವುದೇ ಇಷ್ಟೆಲ್ಲ ಪಾಡಿನ ಉದ್ದೇಶ.

ಮೇಲಿನ ದ್ರವವನ್ನು ಬೇರ್ಪಡಿಸಿ ಬಿಸಿನೀರಿನಲ್ಲಿ ತೊಳೆದಾಗ ಮೊದಲ ನೀರು ಹಾಲಿನಂತೆ ಬೆಳ್ಳಗೆ ಬಂತು, ಅದೆಲ್ಲ ಸೋಪು. ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, 3 ಮಿಲಿಯನ್ನು 27 ಮಿಲಿ ಮೆಥನಾಲಿಗೆ ಹಾಕಿ ನೋಡಿದೆವು. ಪೂರ್ತಿ ಕರಗಿದರೆ ಕೆಲಸ ಆಗಿದೆ, ತಳದಲ್ಲಿ ಹನಿ ಕೂತರೆ ಎಣ್ಣೆ ಇನ್ನೂ ಎಣ್ಣೆಯಾಗಿಯೇ ಉಳಿದಿದೆ ಎಂದರ್ಥ. ಕರಗಿತು. ಸ್ವಲ್ಪವನ್ನು ಪೇಟೆಯ ಡೀಸೆಲ್ಲಿನ ಜೊತೆ ಬೆರೆಸಿ ವರ್ಕ್‌ಶಾಪಿನ ಹಳೆಯ ಪಂಪ್‌ಸೆಟ್ ಎಂಜಿನ್ನಿಗೆ ಹಾಕಿದಾಗ ಅದು ಯಾವ ತಕರಾರೂ ಇಲ್ಲದೆ ಓಡಿತು. ಹೊಗೆಯಲ್ಲಿ ಬಜ್ಜಿಯ ವಾಸನೆ ಇತ್ತು.

ಹುಡುಗರ ಸಂಭ್ರಮ ಹೇಳತೀರದು. ದೇಶದ ಇಂಧನದ ಸಮಸ್ಯೆಯೇ ಬಗೆಹರಿಯಿತು ಎಂಬಷ್ಟು ಉತ್ಸಾಹ. ಕರಿಹಲಗೆಯ ಮೇಲೆ ಲೆಕ್ಕ ಬರೆಯಲು ಹೇಳಿದೆ. 2019ರಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 2,700 ಕೋಟಿ ಲೀಟರ್ ಅಡುಗೆ ಎಣ್ಣೆ ಖರ್ಚಾಗುತ್ತದೆ. ಹೋಟೆಲು, ಕ್ಯಾಂಟೀನುಗಳಂಥ ದೊಡ್ಡ ಬಳಕೆದಾರರಿಂದ ಸಂಗ್ರಹಿಸಬಹುದಾದ ಹಳೆ ಎಣ್ಣೆ 140 ಕೋಟಿ ಲೀಟರ್, ಅದರಿಂದ ಆಗುವ ಬಯೋಡೀಸೆಲ್ 110 ಕೋಟಿ ಲೀಟರ್. ದೇಶ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್, ಅಂದರೆ ಹತ್ತು ಸಾವಿರ ಕೋಟಿ ಲೀಟರಿಗೂ ಮಿಗಿಲು. ಒಂದು ಹನಿಯನ್ನೂ ಬಿಡದೆ ಒಟ್ಟುಮಾಡಿದರೂ ನೂರು ಲೀಟರಿಗೆ ಒಂದು ಲೀಟರ್. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟುಕೊಂಡ ಗುರಿ ನೂರಕ್ಕೆ ಐದು. ಬಾಣಲೆಗಳನ್ನಷ್ಟೇ ನಂಬಿದರೆ ಆ ಗುರಿಯೂ ಮುಟ್ಟದು.

ಸ್ವಾವಲಂಬನೆಯ ಮಾತನ್ನೂ ಎಚ್ಚರದಿಂದ ಆಡಬೇಕು. ನಮ್ಮ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದು, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ಗಾಡಿಗಳಲ್ಲಿ ಕಾಯುವುದು ಬಹುಪಾಲು ಅದೇ. ಸ್ವದೇಶಿ ಇಂಧನ ಎಂದು ನಾವು ಎಂಜಿನ್ನಿಗೆ ಸುರಿದದ್ದು ಎಲ್ಲೋ ಕಾಡು ಕಡಿದ ತೋಟದಲ್ಲಿ ಬೆಳೆದು, ಹಡಗು ಹತ್ತಿ ಬಂದ ಎಣ್ಣೆಯಾಗಿರಬಹುದು.

ಇಂಥ ಭ್ರಮೆಗೆ ದೀರ್ಘ ಇತಿಹಾಸವೇ ಇದೆ. ಆಗಸ್ಟ್ 10ರಂದು ನಾವು ಆಚರಿಸುವ ಜೈವಿಕ ಇಂಧನ ದಿನದಲ್ಲಿ ರುಡಾಲ್ಫ್ ಡೀಸೆಲ್ 1893ರ ಆ ದಿನ ಕಡಲೆಕಾಯಿ ಎಣ್ಣೆಯಿಂದ ಎಂಜಿನ್ ಓಡಿಸಿದ ಎಂದು ಭಾಷಣ ಮಾಡುತ್ತಾರೆ. ಆಗ್ಸ್‌ಬರ್ಗಿನಲ್ಲಿ ಅವನ ಎಂಜಿನ್ನಿನೊಳಗೆ ಮೊದಲ ಸಲ ಇಂಧನ ಹೊತ್ತಿಕೊಂಡದ್ದು ಆ ದಿನವೇ ನಿಜ, ಕಡಲೆಕಾಯಿ ಎಣ್ಣೆಯ ಕತೆ ಮಾತ್ರ 1900ರ ಪ್ಯಾರಿಸ್ ಪ್ರದರ್ಶನದ್ದು. ಅಲ್ಲಿ ಒಟ್ಟೊ ಎಂಬ ಕಂಪನಿ ಆ ಎಣ್ಣೆಯಲ್ಲಿ ಎಂಜಿನ್ ಓಡಿಸಿ ತೋರಿಸಿತು. ಫ್ರೆಂಚ್ ಸರ್ಕಾರದ ಮನಸ್ಸಿನಲ್ಲಿ ಆಗ ಇದ್ದದ್ದು ಕಡಲೆಕಾಯಿ ಬೆಳೆಯುವ ತನ್ನ ಆಫ್ರಿಕದ ವಸಾಹತುಗಳು ಎಂದು ಡೀಸೆಲ್ಲೇ ಬರೆದಿದ್ದಾನೆ. ಎಣ್ಣೆಯನ್ನು ಆಲ್ಕೊಹಾಲಿನಿಂದ ತೆಳುವಾಗಿಸುವ ವಿಧಾನಕ್ಕೆ ಬೆಲ್ಜಿಯಮ್ಮಿನ ಶಾವಾನ್ 1937ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಬ್ರಸೆಲ್ಸಿನಿಂದ ಲೂವೆನ್‌ಗೆ ಬಸ್ಸು ಓಡಿದ್ದೂ ತಾಳೆ ಎಣ್ಣೆಯಿಂದ ಮಾಡಿದ ಇಂಧನದಲ್ಲೇ. ಯಾರ ನೆಲದ ಎಣ್ಣೆ, ಯಾರ ಗಾಡಿಗೆ ಎಂಬ ಪ್ರಶ್ನೆ ಈ ಇಂಧನದ ಜೊತೆಗೇ ಹುಟ್ಟಿದೆ.

ನಮ್ಮಲ್ಲಿ ಇದಕ್ಕೆ ಬೇರೆ ಉತ್ತರ ಹುಡುಕಿದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಬದುವಿನ ಮೇಲೆ ತಾನಾಗಿ ಬೆಳೆಯುವ ಹೊಂಗೆಯ ಎಣ್ಣೆಯಿಂದ ಜನರೇಟರ್ ಓಡಿಸಿ, ಕಗ್ಗನಹಳ್ಳಿಯಂಥ ಹಳ್ಳಿಗಳಲ್ಲಿ ಬೋರ್‌ವೆಲ್ಲಿನ ನೀರೆತ್ತಿಸಿ ತೋರಿಸಿದರು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಹೊಂಗೆ, ಬೇವು, ಹಿಪ್ಪೆಗಳ ಬೀಜಕ್ಕೆ ಮಾರುಕಟ್ಟೆ ಮಾಡಿಕೊಡಲು ಹೊರಟಿತು. ತಿನ್ನುವ ಎಣ್ಣೆಯ ತಂಟೆಗೆ ಹೋಗದೆ, ತಿನ್ನಲಾಗದ ಬೀಜದಿಂದ ಇಂಧನ ತೆಗೆಯುವುದು ಅವರ ದಾರಿ. ಕರಿದ ಎಣ್ಣೆಯೂ ಇನ್ನು ತಿನ್ನಬಾರದ್ದು ಎಂಬ ಅರ್ಥದಲ್ಲಿ ಅದೇ ಸಾಲಿಗೆ ಸೇರುತ್ತದೆ.

ಹಾಗಾದರೆ ಮನೆಮನೆಯಲ್ಲೂ ಡೀಸೆಲ್ ಮಾಡಬಹುದೇ? ಬ್ರಿಟನ್ನಿನಲ್ಲಿ ಜನ ಮಾಡುತ್ತಾರೆ. 2002ರಲ್ಲಿ ವೇಲ್ಸ್‌ನ ಲಾನೆಲ್ಲಿ ಎಂಬ ಊರಿನಲ್ಲಿ ಸೂಪರ್‌ಮಾರ್ಕೆಟ್ಟಿನ ಅಗ್ಗದ ಅಡುಗೆ ಎಣ್ಣೆಯನ್ನು ಕಾರಿಗೆ ಹಾಕಿ ಇಂಧನ ತೆರಿಗೆ ತಪ್ಪಿಸುತ್ತಿದ್ದವರನ್ನು ಪೊಲೀಸರು ಹೊಗೆಯ ವಾಸನೆಯಿಂದಲೇ ಹಿಡಿದರು. 2007ರಲ್ಲಿ ಅದೇ ದೇಶ ವರ್ಷಕ್ಕೆ 2,500 ಲೀಟರಿನವರೆಗೆ ಮಾಡಿಕೊಳ್ಳುವವರಿಗೆ ತೆರಿಗೆ ಬೇಡ ಎಂದಿತು. ನಮ್ಮ ಪರಿಸ್ಥಿತಿ ಬೇರೆ. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಕಾಣದು. ಅದರ ಆವಿ, ಚರ್ಮಕ್ಕೆ ತಗುಲಿದ ದ್ರವ ಎರಡೂ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ದೃಷ್ಟಿ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರ ಜೀವ ತೆಗೆದ ಕಳ್ಳಸಾರಾಯಿಯಲ್ಲಿ ಬೆರೆತಿದ್ದು ಇದೇ. ಅದರ ಸಂಗ್ರಹ, ಮಾರಾಟಕ್ಕೆ ಪರವಾನಗಿಯ ಕಟ್ಟುಪಾಡು ಇರುವುದು ಸುಮ್ಮನೆ ಅಲ್ಲ. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕದಲ್ಲಿ ಇದನ್ನು ಇಟ್ಟುಕೊಳ್ಳಲೇಬಾರದು. ಇನ್ನು ಮಾರುವ ಬಯೋಡೀಸೆಲ್ಲಿಗೆ ಐಎಸ್ 15607 ಎಂಬ ಮಾನದಂಡವಿದೆ, ಅದರ ಪರೀಕ್ಷೆಗಳನ್ನು ಹಿತ್ತಿಲಿನಲ್ಲಿ ಮಾಡಲಾಗದು.

ಮನೆಯ ಡೀಸೆಲ್ ಅಗ್ಗವೂ ಅಲ್ಲ. ಎಣ್ಣೆ ಪುಕ್ಕಟೆ ಸಿಕ್ಕರೂ ಮೆಥನಾಲಿನ ದುಡ್ಡು, ಕಾಯಿಸುವ ಖರ್ಚು, ನಮ್ಮ ಸಮಯ ಎಲ್ಲ ಸೇರಿಸಿದರೆ ಉಳಿಯುವುದು ಅಲ್ಪ. ಲೆಕ್ಕಕ್ಕೇ ಬಾರದ ಇನ್ನೊಂದಿದೆ. ತಳದ ಗ್ಲಿಸರಿನ್ನಿನಲ್ಲಿ ಸೋಪು, ಕ್ಷಾರ, ಉಳಿದ ಮೆಥನಾಲ್ ಎಲ್ಲ ಬೆರೆತಿರುತ್ತವೆ, ತೊಳೆದ ನೀರೂ ಕ್ಷಾರವೇ. ಅದನ್ನು ಮೋರಿಗೆ ಸುರಿದರೆ ನಾವು ಮಾಡಿದ್ದು ಒಂದು ಕಸವನ್ನು ಎರಡು ಕಸವಾಗಿಸಿದ್ದಷ್ಟೇ. ನಮ್ಮ ಪ್ರಯೋಗಾಲಯದಲ್ಲೂ ಗ್ಲಿಸರಿನ್ನಿನ ಆ ಬಾಟಲಿಗಳೇ ಕೊನೆಯವರೆಗೂ ಸಮಸ್ಯೆಯಾಗಿ ಉಳಿದವು. ದೊಡ್ಡ ಘಟಕದವರು ಮೆಥನಾಲನ್ನು ಬಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ, ಗ್ಲಿಸರಿನ್ನನ್ನು ಮಾರುತ್ತಾರೆ. ಸಣ್ಣದೆಲ್ಲ ಸುಂದರ ಎಂಬ ನಂಬಿಕೆ ನನ್ನಲ್ಲೂ ಇತ್ತು, ಈ ಕೆಲಸದಲ್ಲಿ ಅದು ನಿಲ್ಲಲಿಲ್ಲ. ಸಂಗ್ರಹ ಊರೂರಿನಲ್ಲಿ ಸಣ್ಣದಾಗಿ ನಡೆಯಲಿ, ತಯಾರಿ ಬಲ್ಲವರ ಕೈಯಲ್ಲಿ ದೊಡ್ಡದಾಗಿ ನಡೆಯಲಿ.

ಇಷ್ಟೆಲ್ಲ ಕೇಳಿದ ಮೇಲೆ ಇಂಧನವೂ ಅಲ್ಪ, ಲಾಭವೂ ಅಲ್ಪ, ಈ ಉಸಾಬರಿ ಯಾಕೆ ಎಂದು ಯಾರಿಗಾದರೂ ಅನ್ನಿಸಬೇಕು. ಬಯೋಡೀಸೆಲ್ಲನ್ನು ಇಂಧನದ ತಕ್ಕಡಿಯಲ್ಲಿ ತೂಗುವವರೆಗೆ ಉತ್ತರ ಸಿಗುವುದಿಲ್ಲ. ಟ್ಯಾಂಕಿಗೆ ಹೋದ ಪ್ರತಿ ಲೀಟರ್ ಇನ್ನೊಂದು ಬಾಣಲೆಗೆ ಹೋಗದೆ ಉಳಿದ ಲೀಟರ್. ಅದು ಎಷ್ಟು ಕಿಲೋಮೀಟರ್ ಓಡಿಸಿತು ಎಂಬುದಕ್ಕಿಂತ ಯಾರ ತಟ್ಟೆಯಿಂದ ತಪ್ಪಿತು ಎಂಬುದು ದೊಡ್ಡ ಲೆಕ್ಕ. ಕರಿದ ಎಣ್ಣೆ ಬೆಲೆಯ ಏಣಿಯಲ್ಲಿ ಕೆಳಗಿಳಿಯುವುದು ಕೆಳಗೆ ಕೊಳ್ಳುವವರು ಇರುವುದರಿಂದ. ಅವರಿಗಿಂತ ಹೆಚ್ಚು ಕೊಡುವ ಇನ್ನೊಬ್ಬ ಗಿರಾಕಿ ಪಕ್ಕದಲ್ಲಿ ನಿಂತರೆ ಏಣಿ ತಾನಾಗಿ ಮುರಿಯುತ್ತದೆ. 2019ರಲ್ಲಿ ಸರ್ಕಾರಿ ತೈಲ ಕಂಪನಿಗಳು ಕರಿದ ಎಣ್ಣೆಯ ಬಯೋಡೀಸೆಲ್ಲಿಗೆ ಮೊದಲ ವರ್ಷ ಲೀಟರಿಗೆ 51 ರೂಪಾಯಿ ಕೊಡುವುದಾಗಿ ಹೇಳಿದಾಗ ನಡೆದದ್ದು ಅಂಥ ಗಿರಾಕಿಯನ್ನು ನಿಲ್ಲಿಸುವ ಪ್ರಯತ್ನವೇ. ಭಯಕ್ಕೆ, ಬೋಧನೆಗೆ ಬಗ್ಗದ ವ್ಯವಹಾರ ಬೆಲೆಗೆ ಬಗ್ಗುತ್ತದೆ.

ಆ ಬೆಲೆ ಇನ್ನೂ ದೊಡ್ಡ ಹೋಟೆಲಿನ ಹಿಂಬಾಗಿಲಿಗೆ ಬಂದು ನಿಂತಿದೆ, ಗಾಡಿಯವರೆಗೆ ಬಂದಿಲ್ಲ. ಮಿರ್ಚಿ ಮಾರುವ ಹೆಣ್ಣುಮಗಳು ನಮ್ಮ ಪ್ರಯೋಗದ ಕತೆಯೆಲ್ಲ ಕೇಳಿ ಕೊನೆಗೆ ಕೇಳಿದ್ದು ಒಂದೇ ಮಾತು: “ಲೀಟರಿಗೆ ಎಷ್ಟು ಕೊಡ್ತಾರ್ರಿ ಸಾರ್?” ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ದಿನಕ್ಕೆ ಎರಡು ಮೂರು ಲೀಟರ್ ಎಣ್ಣೆ ಉಳಿಸಬಹುದಾದವಳ ಹತ್ತಿರಕ್ಕೆ ಸಂಗ್ರಹದ ಗಾಡಿ ವಾರಕ್ಕೊಮ್ಮೆ ಬರಬೇಕು, ಹೊಸ ಎಣ್ಣೆಯ ಖರ್ಚಿನಲ್ಲಿ ಒಂದಿಷ್ಟನ್ನಾದರೂ ಅವಳ ಕೈಗೆ ಕೊಡಬೇಕು. ಹಾಲು ಸಂಗ್ರಹಿಸಲು ಹಳ್ಳಿಹಳ್ಳಿಗೆ ಡೇರಿ ಕಟ್ಟಿದ ನಾಡಿಗೆ ಇದು ಆಗದ ಕೆಲಸವಲ್ಲ. ನಗರಪಾಲಿಕೆಗಳು ಕಸದ ಗಾಡಿಯ ಜೊತೆ ಎಣ್ಣೆಯ ಕ್ಯಾನನ್ನೂ ಕಳಿಸಿದರೆ ಅರ್ಧ ದಾರಿ ಕ್ರಮಿಸಿದಂತೆ.

ಓದುಗರಾದ ನಾವು ಮಾಡಬಹುದಾದದ್ದೂ ಇದೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಅದು ಪೈಪಿನಲ್ಲಿ ಹೆಪ್ಪುಗಟ್ಟಿ ಒಳಚರಂಡಿಯನ್ನು ಕಟ್ಟಿಹಾಕುತ್ತದೆ. ಬಾಟಲಿಯಲ್ಲಿ ಕೂಡಿಡಿ. ಅಪಾರ್ಟ್‌ಮೆಂಟಿನವರಾದರೆ ಎಲ್ಲರ ಎಣ್ಣೆಯನ್ನೂ ಒಂದು ಕ್ಯಾನಿಗೆ ಸೇರಿಸಿ, ಬಯೋಡೀಸೆಲ್ ಘಟಕಕ್ಕೆ ಕೊಡುವ ಅಧಿಕೃತ ಸಂಗ್ರಹಗಾರರನ್ನು ಕರೆಸಿ, ರಸೀದಿ ಕೇಳಿ. ಯಾರೋ ಎಂಥದೋ ಡಬ್ಬಿ ಹಿಡಿದು ಬಂದು ಹೆಚ್ಚು ದುಡ್ಡು ಕೊಡುತ್ತೇನೆ ಎಂದರೂ ಅದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದವರಿಗೆ ಕೊಡಬೇಡಿ. ಮದುವೆಯ ಅಡುಗೆ ಒಪ್ಪಿಸುವಾಗ ಉಳಿದ ಎಣ್ಣೆಯನ್ನು ಏನು ಮಾಡುತ್ತೀರಿ ಎಂದು ಅಡುಗೆಯವರನ್ನು ಒಂದು ಮಾತು ಕೇಳಿ. ಕರಿದ ಎಣ್ಣೆ ಮತ್ತೆ ಯಾರ ಹೊಟ್ಟೆಗೂ ಹೋಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಅದರಿಂದ ಒಂದು ಬಸ್ಸೂ ಓಡಿದರೆ ಅದು ಮೇಲಿನ ಲಾಭ.